ನೀರು ನುಗ್ಗುವುದು ಅಂಚಿನಿಂದ

(ರೂಫಿಂಗ್ ಕೆಲಸಕ್ಕೆ ಇಳಿಯುತ್ತಿರುವ ಯುವಕರ ತರಬೇತಿ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಶೆಡ್ಡಿನ ಉದ್ದ ಹೊಡೆದಿರಿ, ಅಗಲ ಹೊಡೆದಿರಿ, ಇಳಿಜಾರು ಹೊಡೆದಿರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರ್ ಲೆಕ್ಕ ಕೊಟ್ಟಿತು. ಇಷ್ಟು ಚದರ ಮೀಟರು, ಇಷ್ಟು ಶೀಟು, ಇಷ್ಟು ಸ್ಕ್ರೂ, ಇಷ್ಟು ರೂಪಾಯಿ. ಭೇಷ್! ಈಗ ಕೊಟೇಶನ್ನಿನ ಕೊನೆಗೆ ಹೋಗಿ ನೋಡಿ. ಅಲ್ಲಿ ಒಂದು ಸಾಲು ಮೂಲೆಯಲ್ಲಿ ಕುಳಿತಿರುತ್ತದೆ: 'ಫ್ಲ್ಯಾಶಿಂಗ್ ಮತ್ತು ಟ್ರಿಮ್, ಲಂಪ್‌ಸಮ್'. ಎಲ್ಲಿಂದ ಬಂತು ಸ್ವಾಮಿ ಈ ಲಂಪ್‌ಸಮ್? ಶೀಟಿನ ಬೆಲೆಯ ಮೇಲೆ ಶೇಕಡಾ ಎಂಟೋ ಹತ್ತೋ ಕಣ್ಣಂದಾಜಿನಲ್ಲಿ ಹಾಕಿದ್ದು! ಸಾವಿರಾರು ರೂಪಾಯಿ ಕೊಟ್ಟು ಸಾಫ್ಟ್‌ವೇರ್ ಕೊಂಡವನು ಕೊನೆಯ ಸಾಲಿಗೆ ಬಂದಾಗ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ.

ಇವತ್ತು ನಾನು ಮಾತನಾಡುವುದು ಆ ಒಂದೇ ಸಾಲಿನ ಬಗ್ಗೆ. ಹೊಸದಾಗಿ ಕಂಟ್ರಾಕ್ಟ್ ಹಿಡಿದ ಹುಡುಗರ ಲಾಭ ಅಲ್ಲೇ ಸೋರಿಹೋಗುತ್ತದೆ. ಮೊದಲ ಮಳೆಗೆ ಅವರ ಮಾನವೂ ಅಲ್ಲೇ ಸೋರುತ್ತದೆ.

ಜೂನ್ ತಿಂಗಳಲ್ಲಿ ಯಾವುದಾದರೂ ಹಳೆಯ ಶೆಡ್ಡಿನೊಳಗೆ ಹೋಗಿ ಬಕೆಟ್ ಎಲ್ಲಿಟ್ಟಿದ್ದಾರೆ ನೋಡಿ. ಶೀಟಿನ ನಟ್ಟನಡುವೆ ಇಟ್ಟಿರುವುದು ಅಪರೂಪ. ನೆತ್ತಿಯ ಕೆಳಗೆ ಇಟ್ಟಿರುತ್ತಾರೆ, ಪಕ್ಕದ ಗೋಡೆ ಮಾಡಿಗೆ ತಾಗುವ ಕಡೆ ಇಟ್ಟಿರುತ್ತಾರೆ, ಗಟರ್ ತಿರುಗುವ ಮೂಲೆಯಲ್ಲಿ ಇಟ್ಟಿರುತ್ತಾರೆ. ಶೀಟು ಎಂದರೆ ಒಡೆಯದ ಲೋಹ, ಅದರ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ. ಒಂದು ಶೀಟು ಮುಗಿದು ಇನ್ನೊಂದು ವಸ್ತು ಶುರುವಾಗುವ ಜಾಗವೇ ನೀರಿಗೆ ಬಾಗಿಲು. ಆ ಬಾಗಿಲನ್ನು ಮುಚ್ಚುವ ಮಡಚಿದ ತಗಡೇ ಫ್ಲ್ಯಾಶಿಂಗ್. ನೆತ್ತಿಗೆ ರಿಡ್ಜ್, ಇಳಿಜಾರಿನ ಪಕ್ಕದ ಅಂಚಿಗೆ ಬಾರ್ಜ್, ಸೂರಿಗೆ ಗಟರ್, ಗೋಡೆಗೆ ತಾಗುವ ಕಡೆ ಏಪ್ರನ್, ಗೋಡೆ ಶೀಟಿನ ಮೂಲೆಗೆ ಕಾರ್ನರ್. ಹೆಸರು ಬೇರೆ ಬೇರೆ, ಕೆಲಸ ಒಂದೇ.

ಶೀಟನ್ನು ಅಳೆಯುವುದು ವಿಸ್ತೀರ್ಣದಿಂದ. ಟ್ರಿಮ್ಮನ್ನು ಅಳೆಯಬೇಕಾದದ್ದು ಅಂಚಿನಿಂದ. ಇವೆರಡಕ್ಕೂ ನಂಟೇ ಇಲ್ಲ. ನಂಬಿಕೆ ಇಲ್ಲವೆ? ಎರಡು ಶೆಡ್ ತೆಗೆದುಕೊಳ್ಳಿ. ಒಂದು ೧೮ ಮೀಟರ್ ಅಗಲ, ೩೦ ಮೀಟರ್ ಉದ್ದ. ಇನ್ನೊಂದು ೯ ಮೀಟರ್ ಅಗಲ, ೬೦ ಮೀಟರ್ ಉದ್ದ. ಎರಡೂ ನಡುವೆ ನೆತ್ತಿ ಇರುವ ಎರಡಿಳಿಜಾರಿನ ಶೆಡ್ಡುಗಳು, ಹತ್ತಕ್ಕೆ ಒಂದರ ಇಳಿಜಾರು. ಎರಡರ ನೆಲವೂ ೫೪೦ ಚದರ ಮೀಟರ್. ಶೀಟಿನ ಲೆಕ್ಕ ಹೆಚ್ಚೂಕಡಿಮೆ ಒಂದೇ. ಮೊದಲನೆಯದರಲ್ಲಿ ನೆತ್ತಿ ೩೦, ಸೂರು ಎರಡು ಕಡೆ ಸೇರಿ ೬೦, ಪಕ್ಕದ ಇಳಿಜಾರು ಅಂಚು ನಾಲ್ಕು ಸೇರಿ ೩೬ ಚಿಲ್ಲರೆ. ಒಟ್ಟು ೧೨೬ ಮೀಟರ್. ಎರಡನೆಯದರಲ್ಲಿ ನೆತ್ತಿ ೬೦, ಸೂರು ೧೨೦, ಪಕ್ಕದ ಅಂಚು ೧೮. ಒಟ್ಟು ೧೯೮ ಮೀಟರ್! ಒಂದೂವರೆ ಪಟ್ಟಿಗೂ ಹೆಚ್ಚು. ಶೇಕಡಾವಾರು ಹಾಕಿದವನಿಗೆ ಎರಡಕ್ಕೂ ಒಂದೇ ದುಡ್ಡು ಬರುತ್ತದೆ. ಉಳಿದದ್ದನ್ನು ಯಾರು ಕೊಡುತ್ತಾರೆ? ಅವನ ಜೇಬೇ ಕೊಡಬೇಕು.

ಇದೇನೂ ಹೊಸ ಜ್ಞಾನವಲ್ಲ. ಮಂಗಳೂರಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದಾಚೆ ಮಂಗಳೂರು ಹೆಂಚು ಹೊದಿಸಿದ ಮನೆಗಳನ್ನು ನೋಡಿ, ಮಾಡಿನ ಹೆಂಚು ಬೇರೆ, ನೆತ್ತಿಯ ಮೇಲೆ ಕೂರುವ ಹೆಂಚು ಬೇರೆ. ಆಕಾರವೇ ಬೇರೆ ಇರುವಾಗ ಲೆಕ್ಕವೂ ಬೇರೆ. ಹೆಂಚಿನ ಕೆಲಸ ಬಲ್ಲ ಮೇಸ್ತ್ರಿ ನೆತ್ತಿ ಅಳೆದು ನೆತ್ತಿಯ ಹೆಂಚನ್ನು ಎಣಿಸಿ ತರಿಸುತ್ತಾನೆ. 'ಮಾಡಿನ ಹೆಂಚಿನ ಮೇಲೆ ಶೇಕಡಾ ಹತ್ತು ಕೊಡಿ' ಎಂದು ಯಾವ ಮೇಸ್ತ್ರಿಯೂ ಕೇಳುವುದಿಲ್ಲ. ಕಂಪ್ಯೂಟರ್ ಬಂದ ಮೇಲೆ ನಾವು ಅವನಿಗಿಂತ ಹಿಂದೆ ಹೋದೆವು!

ಸರಿ, ಈಗ ಸಾಫ್ಟ್‌ವೇರ್ ತೆರೆಯೋಣ. ನಿಮ್ಮಲ್ಲಿ ಇರುವುದು ಕೊಂಡ ಪ್ಯಾಕೇಜೋ, ನೀವೇ ಮಾಡಿಕೊಂಡ ಸ್ಪ್ರೆಡ್‌ಶೀಟೋ, ನನಗೆ ಬೇಕಿಲ್ಲ. ಎಲ್ಲದರಲ್ಲೂ ಮಟೀರಿಯಲ್ ಪಟ್ಟಿ ಅಂತ ಒಂದಿರುತ್ತದೆ. ಅದರಲ್ಲಿ ಪ್ರತಿ ಟ್ರಿಮ್ಮಿಗೂ ಒಂದು ಪ್ರತ್ಯೇಕ ಸಾಲು ಮಾಡಿ. ಆ ಸಾಲನ್ನು ಯಾವ ಅಂಚಿಗೆ ಕಟ್ಟಿಹಾಕಬೇಕು ಎನ್ನುವುದು ಮೊದಲ ಪ್ರಶ್ನೆ. ರಿಡ್ಜ್ ಎಂಬ ಸಾಲು ನೆತ್ತಿಯ ಉದ್ದಕ್ಕೆ ಮಾತ್ರ ಕಟ್ಟಿರಬೇಕು. ಬಾರ್ಜ್ ಇಳಿಜಾರಿನ ಪಕ್ಕದ ಅಂಚಿಗೆ. ಗಟರ್ ಸೂರಿಗೆ. ಬಾರ್ಜಿನ ವಿಷಯದಲ್ಲಿ ಹುಷಾರು: ನಕ್ಷೆಯ ಮೇಲೆ ಕಾಣುವ ಅಳತೆ ಅಡ್ಡ ಅಳತೆ. ಇಳಿಜಾರಿನ ಅಳತೆ ಅದಕ್ಕಿಂತ ಹೆಚ್ಚು. ನಮ್ಮ ಮೊದಲ ಶೆಡ್ಡಿನಲ್ಲಿ ಅರ್ಧ ಅಗಲ ೯ ಮೀಟರ್ ಇದ್ದರೆ ಇಳಿಜಾರು ೯.೦೪೫. ಇಲ್ಲಿ ವ್ಯತ್ಯಾಸ ಬೆರಳುದ್ದ. ಮಲೆನಾಡಿನ ಕಡಿದಾದ ಮಾಡಿಗೆ ಬಂದರೆ ಮಾರುದ್ದ ಆಗುತ್ತದೆ. ೪೫ ಡಿಗ್ರಿ ಮಾಡಿಗೆ ೯ ಮೀಟರ್ ಹೋಗಿ ೧೨.೭ ಆಗುತ್ತದೆ.

ಎರಡನೆಯದು ಪೀಸಿನ ಉದ್ದ ಮತ್ತು ಲ್ಯಾಪ್. ನಿಮ್ಮ ಸಪ್ಲೈಯರ್ ಬಳಿ ಇರುವ ಬೆಂಡಿಂಗ್ ಮೆಷಿನ್ ಎಷ್ಟು ಉದ್ದ ಮಡಚುತ್ತದೆ ಎಂದು ಕೇಳಿ ಬರೆದುಕೊಳ್ಳಿ. ೩ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಪೀಸಿನ ಮೇಲೆ ಇನ್ನೊಂದು ೧೫೦ ಮಿಲಿಮೀಟರ್ ಹತ್ತಿ ಕೂರಬೇಕು. ಅಲ್ಲಿಗೆ ಮೊದಲ ಪೀಸು ೩ ಮೀಟರ್ ಮುಚ್ಚಿದರೆ ಆಮೇಲಿನ ಒಂದೊಂದೂ ಮುಚ್ಚುವುದು ೨.೮೫ ಮಾತ್ರ. ೩೦ ಮೀಟರ್ ನೆತ್ತಿಗೆ ಹತ್ತು ಪೀಸು ಎಂದು ಬಾಯಿಲೆಕ್ಕ ಹೇಳುತ್ತದೆ. ಬೇಕಾಗುವುದು ಹನ್ನೊಂದು. ಹತ್ತು ತಂದವನು ಮಾಡಿನ ಮೇಲೆ ನಿಂತು ಏನು ಮಾಡುತ್ತಾನೆ ಗೊತ್ತೆ? ಲ್ಯಾಪನ್ನು ಎರಡು ಬೆರಳಿಗೆ ಇಳಿಸಿ ಎಳೆದೆಳೆದು ನೋಡುತ್ತಾನೆ. ಆಗಲೂ ಸಾಲದು. ಕೊನೆಗೆ ಯಾವುದೋ ತುಂಡಿನಿಂದ ತೇಪೆ ಹಾಕಿ ಸಿಲಿಕೋನ್ ಮೆತ್ತುತ್ತಾನೆ. ಬಕೆಟ್ ಇಡುವ ಜಾಗ ಅಲ್ಲೇ ತಯಾರಾಯಿತು.

ಲ್ಯಾಪನ್ನು ಒಂದೇ ಅಂಕಿಯಾಗಿ ಬಿಗಿದಿಡಬೇಡಿ, ಊರಿಗೆ ತಕ್ಕಂತೆ ಬದಲಿಸುವ ಹಾಗೆ ಇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೇಲೆ ಮಳೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಎರಡಕ್ಕೂ ಒಂದೇ ಲ್ಯಾಪೆ? ನಾನು ಘಟ್ಟದ ಕಡೆಯ ಕೆಲಸಕ್ಕೆ ೨೦೦ ಹಾಕುತ್ತೇನೆ. ತಮಾಷೆ ನೋಡಿ, ಹಾಗೆ ಮಾಡಿದರೂ ಈ ನೆತ್ತಿಗೆ ಹನ್ನೊಂದೇ ಪೀಸು ಬರುತ್ತದೆ. ಪುಕ್ಕಟೆ ಭದ್ರತೆ! ಲ್ಯಾಪಿನ ಬಾಯಿ ಗಾಳಿಗೆ ಎದುರಾಗಬಾರದು ಎನ್ನುವುದನ್ನು ಅದೇ ಸಾಲಿನ ಟಿಪ್ಪಣಿಯಲ್ಲಿ ಬರೆದಿಡಿ. ನಮ್ಮ ಕರಾವಳಿ, ಮಲೆನಾಡಿಗೆ ಮುಂಗಾರು ಬರುವುದು ನೈಋತ್ಯದಿಂದ. ಆದ್ದರಿಂದ ಪೀಸು ಕೂರಿಸಲು ಶುರು ಮಾಡಬೇಕಾದದ್ದು ಅದರ ಎದುರು ತುದಿಯಿಂದ.

ಮೂರನೆಯದು, ಬಹಳ ಜನ ನೋಡದೇ ಬಿಡುವ ಸೆಟ್ಟಿಂಗು: ಪೂರ್ಣಾಂಕ ಮಾಡುವುದು ಎಲ್ಲಿ? ಒಂದೊಂದು ಅಂಚಿಗೂ ಬೇರೆಯಾಗಿಯೋ, ಒಟ್ಟು ಉದ್ದಕ್ಕೋ? ನಮ್ಮ ಬಾರ್ಜಿಗೆ ಬನ್ನಿ. ೯.೦೪೫ ಮೀಟರಿನ ನಾಲ್ಕು ಅಂಚು. ಒಂದೊಂದು ಅಂಚಿಗೂ ಬೇರೆ ಮಾಡಿದರೆ ನಾಲ್ಕು ನಾಲ್ಕಲಿ ಹದಿನಾರು ಪೀಸು. ಆದರೆ ನೋಡಿ, ಪ್ರತಿ ಅಂಚಿನಲ್ಲಿ ಮೂರು ಪೂರ್ತಿ ಪೀಸು ಕೂತ ಮೇಲೆ ಉಳಿಯುವುದು ಲ್ಯಾಪೂ ಸೇರಿ ಅರ್ಧ ಮೀಟರ್. ನಾಲ್ಕು ಅರ್ಧ ಮೀಟರು ಒಂದೇ ಪೀಸಿನಲ್ಲಿ ಸಿಗುತ್ತದೆ. ಅಲ್ಲಿಗೆ ಹದಿಮೂರು ಸಾಕು. ಹದಿನಾರು ಬರೆದವನು ಕೊಟೇಶನ್ ಸೋಲುತ್ತಾನೆ, ಹದಿಮೂರು ಬರೆದವನು ಗೆಲ್ಲುತ್ತಾನೆ, ಯಾರೂ ಮೋಸ ಮಾಡಿಲ್ಲ.

ಹಾಗಾದರೆ ಎಲ್ಲವನ್ನೂ ಒಟ್ಟು ಉದ್ದಕ್ಕೆ ಹಾಕೋಣವೆ? ಬೇಡ. ಗಟರ್ ನೋಡಿ. ೩೦ ಮೀಟರಿನ ಎರಡು ಸೂರು. ಒಂದೊಂದಕ್ಕೂ ಹತ್ತು ಪೂರ್ತಿ ಪೀಸು, ಮೇಲೆ ಲ್ಯಾಪೂ ಸೇರಿ ಒಂದೂವರೆ ಮೀಟರ್. ಎರಡು ಒಂದೂವರೆ ಸೇರಿದರೆ ಸರಿಯಾಗಿ ೩ ಮೀಟರ್, ಒಂದು ಪೀಸು. ಕಂಪ್ಯೂಟರ್ ೨೧ ಎನ್ನುತ್ತದೆ. ನಾನು ೨೨ ಬರೆಯುತ್ತೇನೆ. ಏಕೆಂದರೆ ಒಂದು ಕೂದಲೆಳೆ ಓರೆ ಕತ್ತರಿಸಿದರೂ ಆ ಲೆಕ್ಕ ಮುಗಿಯಿತು. ಲಾರಿಯಿಂದ ಇಳಿಸುವಾಗ ಒಂದು ಪೀಸಿನ ಮೂಲೆ ಮಡಚಿದರೆ ಕೆಲಸ ನಿಂತಿತು. ಒಂದು ಪೀಸಿಗಾಗಿ ಮತ್ತೆ ಆಟೋ ಮಾಡಿಕೊಂಡು ಹೋಗಬೇಕು, ಬೇರೆ ಕಾಯಿಲ್‌ನಿಂದ ಮಡಚಿಸಿದರೆ ಬಣ್ಣದ ಛಾಯೆ ಬೇರೆಯಾಗುತ್ತದೆ, ಮಾಲೀಕ ಕೆಳಗೆ ನಿಂತು ಅದೊಂದನ್ನೇ ನೋಡುತ್ತಾನೆ. ಸಾಫ್ಟ್‌ವೇರ್ ಕೊಡುವ ಅಂಕಿಗೂ ನೀವು ಸಹಿ ಹಾಕುವ ಅಂಕಿಗೂ ನಡುವೆ ನಿಮ್ಮ ಬುದ್ಧಿಗೆ ಒಂದು ಜಾಗ ಇರಲಿ.

ಈಗ ದುಡ್ಡಿನ ಗುಟ್ಟಿಗೆ ಬರುತ್ತೇನೆ. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಮಡಚಿದ ತಗಡನ್ನು ಬಿಚ್ಚಿ ಚಪ್ಪಟೆಯಾಗಿ ಹರಡಿದರೆ ಎಷ್ಟು ಅಗಲ ಬರುತ್ತದೋ ಅದಕ್ಕೆ ಗರ್ತ್ ಎನ್ನುತ್ತಾರೆ. ಟ್ರಿಮ್ಮಿನ ಬೆಲೆ ನಿಂತಿರುವುದು ಅದರ ಮೇಲೆ. ನಮ್ಮ ಮಾರುಕಟ್ಟೆಯಲ್ಲಿ ಬಣ್ಣದ ಕಾಯಿಲ್ ಸಾಮಾನ್ಯವಾಗಿ ೧೨೨೦ ಮಿಲಿಮೀಟರ್ ಅಗಲ. ಅದನ್ನು ಎರಡಾಗಿ ಸೀಳಿದರೆ ೬೧೦, ಮೂರಾದರೆ ೪೦೬, ನಾಲ್ಕಾದರೆ ೩೦೫. ನಿಮ್ಮ ಬಾರ್ಜಿನ ಗರ್ತ್ ೪೦೦ ಇದ್ದರೆ ಮೂರು ಪಟ್ಟಿ ಬಂತು, ೨೦ ಮಿಲಿಮೀಟರ್ ಮಾತ್ರ ದಂಡ. ಚೆಂದ ಕಾಣಲಿ ಎಂದು ೪೫೦ ಮಾಡಿದಿರಾ? ಬರುವುದು ಎರಡೇ ಪಟ್ಟಿ, ೩೨೦ ಉಳಿಯಿತು. ಆ ೩೨೦ ನಿಮಗೆ ಬೇಡವಾದರೂ ಅದರ ದುಡ್ಡು ನೀವೇ ಕೊಟ್ಟಿರುತ್ತೀರಿ. ಅಂದರೆ ೪೫೦ರ ಗರ್ತಿಗೆ ನೀವು ತೆರುವುದು ೬೧೦ರ ಬೆಲೆ. ನೂರು ರೂಪಾಯಿ ಎಂದುಕೊಂಡದ್ದು ನೂರ ಮೂವತ್ತೈದು! ಆದ್ದರಿಂದ ಮಟೀರಿಯಲ್ ಸಾಲಿನಲ್ಲಿ ಎರಡು ಅಗಲ ಇಡಿ. ಒಂದು ಮಡಚಲು ಬೇಕಾದ ಅಗಲ, ಇನ್ನೊಂದು ದುಡ್ಡು ಕೊಡಬೇಕಾದ ಅಗಲ.

ಇಲ್ಲಿ ಬುದ್ಧಿವಂತನಿಗೆ ಒಂದು ದಾರಿಯಿದೆ. ನಮ್ಮ ಶೆಡ್ಡಿನ ಗೋಡೆ ೬ ಮೀಟರ್ ಎತ್ತರ, ನಾಲ್ಕು ಮೂಲೆ. ಕಾರ್ನರ್ ಗರ್ತ್ ೩೦೦. ಆರು ಮೀಟರಿಗೆ ಮೂರರ ಎರಡು ಪೀಸು ಸಾಕು ಎಂದು ಕಣ್ಣು ಹೇಳುತ್ತದೆ, ಲ್ಯಾಪ್ ಒಪ್ಪುವುದಿಲ್ಲ. ಪ್ರತಿ ಮೂಲೆಗೂ ಒಂದು ಗೇಣು ಕಡಿಮೆ ಬೀಳುತ್ತದೆ. ಆ ನಾಲ್ಕು ತುಂಡಿಗೂ ಸೇರಿ ಇನ್ನೊಂದು ಪೀಸು, ಒಟ್ಟು ಒಂಬತ್ತು. ಈಗ ೪೫೦ರ ಬಾರ್ಜ್ ಹದಿಮೂರು ಬೇಕಲ್ಲ, ಅದಕ್ಕೆ ೩ ಮೀಟರಿನ ಏಳು ಹಾಳೆ ಕತ್ತರಿಸಬೇಕು. ಮೊದಲ ಆರು ಹಾಳೆಯಲ್ಲಿ ಎರಡೆರಡು ಬಾರ್ಜ್ ಹೋಗಿ ಒಂದೊಂದು ಕಾರ್ನರ್ ಸಿಗುತ್ತದೆ. ಏಳನೆಯದರಲ್ಲಿ ಒಂದು ಬಾರ್ಜ್ ಹೋಗಿ ಎರಡು ಕಾರ್ನರ್ ಸಿಗುತ್ತದೆ. ಎಂಟಾಯಿತು. ಒಂಬತ್ತನೆಯದು? ೬೦೦ ಗರ್ತಿನ ರಿಡ್ಜ್ ಹನ್ನೊಂದಕ್ಕೆ ಆರು ಹಾಳೆ ಬೇಕು, ಕೊನೆಯ ಹಾಳೆಯಲ್ಲಿ ಅರ್ಧ ಉಳಿದಿದೆ, ಅಲ್ಲಿಂದ ತೆಗೆಯಿರಿ. ಒಂಬತ್ತೂ ಕಾರ್ನರ್ ಉಳಿಕೆಯಲ್ಲೇ ಹುಟ್ಟಿತು! ಚೆಂದಕ್ಕೆ ಮಾಡಿದ ೪೫೦ ಈಗ ದಂಡವಲ್ಲ. ಆದರೆ ಇದು ಆಗುವುದು ಎಲ್ಲಕ್ಕೂ ಒಂದೇ ಬಣ್ಣ, ಒಂದೇ ದಪ್ಪ ಇದ್ದಾಗ ಮಾತ್ರ. ಸಾಲು ಬೇರೆ ಬೇರೆ ಮಾಡಿದ್ದರಿಂದಲೇ ಈ ಹೊಂದಾಣಿಕೆ ನಿಮ್ಮ ಕಣ್ಣಿಗೆ ಬಿತ್ತು. ಲಂಪ್‌ಸಮ್ ಬರೆದವನಿಗೆ ಬೀಳುತ್ತಿತ್ತೆ?

ದಪ್ಪದ ಮಾತೂ ಇದೆ. '೦.೫೦ ಶೀಟು' ಎಂದರೆ ಏನು? ಬಣ್ಣ, ಲೇಪನ ಎಲ್ಲ ಸೇರಿ ೦.೫೦ ಇದ್ದರೆ ಒಳಗಿನ ಉಕ್ಕು ೦.೪೫ರ ಹತ್ತಿರ. ಒಂದು ಚದರ ಮೀಟರಿನ ೦.೫೦ ಉಕ್ಕು ೩.೯ ಕಿಲೋ ತೂಗಿದರೆ ೦.೪೫ ತೂಗುವುದು ೩.೫. ಟಿಸಿಟಿ ಎಂದರೆ ಒಟ್ಟು ದಪ್ಪ, ಬಿಎಂಟಿ ಎಂದರೆ ಉಕ್ಕಿನ ದಪ್ಪ. ಯಾವುದು ಎಂದು ಮಟೀರಿಯಲ್ಲಿನ ಹೆಸರಿನಲ್ಲೇ ಬರೆಯಿರಿ. ಬಿಲ್ಲಿನ ಮುಂದೆ ನಡೆಯುವ ಅರ್ಧ ಜಗಳ ಅಲ್ಲಿಗೆ ನಿಲ್ಲುತ್ತದೆ.

ಟ್ರಿಮ್ ಒಂಟಿಯಾಗಿ ಬರುವುದಿಲ್ಲ, ಬಳಗ ಕಟ್ಟಿಕೊಂಡು ಬರುತ್ತದೆ. ರಿಡ್ಜಿನ ಎರಡೂ ಕಡೆ ೩೦೦ ಮಿಲಿಮೀಟರಿಗೊಂದು ಸ್ಕ್ರೂ ಎಂದರೆ ೩೦ ಮೀಟರಿಗೆ ಇನ್ನೂರ ಎರಡು. ಶೀಟಿನ ಏರಿಳಿತದ ಸಂದಿಗೆ ಫೋಮ್. ಪ್ರತಿ ಲ್ಯಾಪಿಗೂ ಸೀಲೆಂಟ್, ರಿವೆಟ್. ಗಟರಿಗೆ ಬ್ರಾಕೆಟ್, ತುದಿ ಮುಚ್ಚುವ ಕ್ಯಾಪ್, ಪೈಪಿಗೆ ಇಳಿಯುವ ಔಟ್‌ಲೆಟ್. ಒಳ್ಳೆಯ ಸಾಫ್ಟ್‌ವೇರಿನಲ್ಲಿ ಇವನ್ನೆಲ್ಲ ಒಂದು ಗುಂಪು ಮಾಡಿ ಆಯಾ ಟ್ರಿಮ್ಮಿಗೆ ಕಟ್ಟಬಹುದು. ನೆತ್ತಿ ಉದ್ದವಾದರೆ ಸ್ಕ್ರೂ ತಾನಾಗಿ ಹೆಚ್ಚುತ್ತದೆ. ಕ್ಯಾಪ್ ಮಾತ್ರ ಉದ್ದಕ್ಕೆ ಹೆಚ್ಚುವುದಿಲ್ಲ, ತುದಿಗೆ ಒಂದು. ಅದನ್ನು ಎಣಿಕೆಗೆ ಇಡಿ, ಮೀಟರಿಗೆ ಇಟ್ಟರೆ ಅರವತ್ತು ಕ್ಯಾಪ್ ಬಂದು ಮಾಲೀಕ ನಗುತ್ತಾನೆ.

ಗೋಡೆಗೆ ತಾಗುವ ಏಪ್ರನ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಗೋಡೆಯಲ್ಲಿ ಗಾಡಿ ಕೊರೆದು, ತಗಡು ಸಿಕ್ಕಿಸಿ, ಹಸಿ ಸಿಮೆಂಟ್ ಮೆತ್ತಿ ಮುಗಿಸುವುದು ನಮ್ಮಲ್ಲಿ ರೂಢಿ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ-ಸತು ಲೇಪನವನ್ನು ತಿನ್ನುತ್ತದೆ. ಆದ್ದರಿಂದ ಏಪ್ರನ್ ಸಾಲಿನ ಜೊತೆಗೆ ಗಾಡಿ ಕೊರೆಯುವ ಕೂಲಿಯನ್ನೂ, ಸಿಮೆಂಟಿನ ಬದಲು ಸೀಲೆಂಟನ್ನೂ ಸೇರಿಸಿ. ತಾಮ್ರದ ಪೈಪಿನಿಂದ ಬರುವ ನೀರು ಸತು ಲೇಪನದ ಗಟರಿಗೆ ಬೀಳುವ ಕಡೆಯೂ ಇದೇ ಗತಿ, ತುಕ್ಕು ಬೇಗ ಹಿಡಿಯುತ್ತದೆ.

ನಿಮ್ಮಲ್ಲಿ ಕೆಲವರು ಬೆಂಗಳೂರಿನ ಆಫೀಸುಗಳಲ್ಲಿ ಕುಳಿತು ಅಮೆರಿಕದ ಮನೆಗಳ ಮಾಡು ಅಳೆಯುವವರು. ಆಕಾಶದಿಂದ ತೆಗೆದ ಚಿತ್ರದ ಮೇಲೆ ಗೆರೆ ಎಳೆಯುವುದೇ ನಿಮ್ಮ ಕೆಲಸ. ನಿಮಗೂ ಇದೇ ಮಾತು, ಅಂಕಿ ಮಾತ್ರ ಬೇರೆ. ಅಲ್ಲಿ ನೂರು ಚದರ ಅಡಿಗೆ ಒಂದು ಸ್ಕ್ವೇರ್. ಡಾಂಬರಿನ ಶಿಂಗಲ್ ಹೊದಿಕೆ. ಅಂಚಿಗೆ ಹಾಕುವ ಡ್ರಿಪ್ ಎಜ್ ಹತ್ತು ಅಡಿಯ ಪೀಸು. ಅಲ್ಲಿನ ಮನೆ ಕಟ್ಟುವ ಮಾದರಿ ನಿಯಮಾವಳಿ ೨೦೧೨ರ ಆವೃತ್ತಿಯಿಂದ ಶಿಂಗಲ್ ಮಾಡಿನ ಸೂರಿಗೂ ಪಕ್ಕದ ಅಂಚಿಗೂ ಅದನ್ನು ಕಡ್ಡಾಯ ಮಾಡಿತು, ಲ್ಯಾಪ್ ಎರಡು ಇಂಚಿಗೆ ಕಡಿಮೆ ಇರಬಾರದು ಎಂದಿತು. ಅಂದರೆ ಹತ್ತು ಅಡಿ ಮುಚ್ಚುವುದು ಒಂಬತ್ತು ಅಡಿ ಹತ್ತು ಇಂಚು. ಇಳಿಜಾರು ಗೋಡೆಗೆ ತಾಗುವ ಕಡೆ ಸಾಮಾನ್ಯವಾಗಿ ಶಿಂಗಲಿನ ಪ್ರತಿ ಸಾಲಿಗೂ ಒಂದು ಸಣ್ಣ ಮಡಚು ತಗಡು, ಸ್ಟೆಪ್ ಫ್ಲ್ಯಾಶಿಂಗ್. ಒಂದು ಸಾಲು ಐದು ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ ಕಾಣುತ್ತದೆ ಎಂದರೆ ಹತ್ತು ಅಡಿ ಇಳಿಜಾರಿಗೆ ಇಪ್ಪತ್ತೆರಡು ತಗಡು. ಇದನ್ನು ಅಡಿ ಲೆಕ್ಕದಲ್ಲಿ ಇಟ್ಟರೆ ಕೆಟ್ಟಿತು, ಎಣಿಕೆಯಲ್ಲೇ ಇಡಬೇಕು. ನಿಮ್ಮ ಗೆರೆಗೆ 'ಗೋಡೆ ಅಂಚು' ಎಂದು ಹೆಸರಿಡುವ ಬದಲು 'ಪಕ್ಕದ ಅಂಚು' ಎಂದು ಇಟ್ಟಿರೋ, ಸಮುದ್ರದಾಚೆಯ ಯಾರದೋ ಮಲಗುವ ಕೋಣೆಗೆ ನೀರು ಬಂತು.

ಹೆಸರು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಪಟ್ಟಿಯನ್ನು ಹಾಗೆಯೇ ಇಳಿಸಿಕೊಂಡು ನಮ್ಮ ಶೆಡ್ಡಿಗೆ ಹಚ್ಚುವ ಹುಡುಗರಿದ್ದಾರೆ. ಅಲ್ಲಿ 'ರೇಕ್' ಎನ್ನುವುದಕ್ಕೆ ನಮ್ಮ ಫ್ಯಾಬ್ರಿಕೇಟರು ಬಾರ್ಜ್ ಅಥವಾ ಗೇಬಲ್ ಎನ್ನುತ್ತಾನೆ. 'ರೇಕ್ ಹದಿಮೂರು' ಎಂದು ಕಳಿಸಿದರೆ ಅವನು ಏನು ಮಡಚಬೇಕು? ಮಟೀರಿಯಲ್ ಹೆಸರಿನ ಖಾನೆ ನಿಮ್ಮದು, ಅಲ್ಲಿ ಏನು ಬೇಕಾದರೂ ಬರೆಯಬಹುದು. ಕನ್ನಡದಲ್ಲೂ ಬರೆಯಬಹುದು, ಯಾರೂ ನಿಮ್ಮ ಕೈ ಹಿಡಿದಿಲ್ಲ! 'ರಿಡ್ಜ್, ನೆತ್ತಿ, ೬೦೦', 'ಬಾರ್ಜ್, ಪಕ್ಕದ ಅಂಚು, ೪೫೦' ಎಂದು ಬರೆಯಿರಿ. ಅಂಗಡಿಯ ಹೆಸರೂ ಇರಲಿ, ಮಾಡಿನ ಮೇಲೆ ಹತ್ತುವವನಿಗೆ ತಿಳಿಯುವ ಹೆಸರೂ ಇರಲಿ. ಹಳೆಯ ನುಡಿ ಅಕ್ಷರದಲ್ಲಿ ಹೊಡೆದದ್ದನ್ನು ಅಂಟಿಸಬೇಡಿ, ಸಾಫ್ಟ್‌ವೇರಿನಲ್ಲಿ ಅದು ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ, ಯೂನಿಕೋಡಿನಲ್ಲೇ ಹೊಡೆಯಿರಿ. ಕೆಲವು ಪ್ಯಾಕೇಜುಗಳು ಪಿಡಿಎಫ್ ಮಾಡುವಾಗ ಒತ್ತಕ್ಷರ ಚೆದುರಿಸುತ್ತವೆ, ಮೊದಲೇ ಒಂದು ಪುಟ ತೆಗೆದು ನೋಡಿ. ಫಿಟ್ಟರ್ ಹೊರರಾಜ್ಯದವನಾಗಿ ಕನ್ನಡ ಓದಲು ಬಾರದಿದ್ದರೆ? ಪ್ರತಿ ಸಾಲಿಗೂ ಆ ಮಡಚಿನ ಅಡ್ಡಸೀಳಿಕೆಯ ಗೆರೆಚಿತ್ರ ಅಂಟಿಸಿ, ಬಣ್ಣದ ಮುಖ ಯಾವ ಕಡೆ ಎಂದು ಬಾಣ ಹಾಕಿ. ಬಣ್ಣ ಒಳಮುಖವಾಗಿ ಮಡಚಿ ತಂದ ರಿಡ್ಜನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಇಷ್ಟು ಮಾಡಿದ ಮೇಲೂ ನೇರವಾಗಿ ಗಿರಾಕಿಗೆ ಕೊಟೇಶನ್ ಕೊಡಬೇಡಿ. ನೀವೇ ಮುಗಿಸಿದ ಒಂದು ಹಳೆಯ ಶೆಡ್ ಹುಡುಕಿ. ಅದರ ಅಳತೆಯನ್ನು ಹೊಸ ಪಟ್ಟಿಗೆ ಹಾಕಿ. ಬಂದ ಅಂಕಿಯನ್ನು ಅವತ್ತಿನ ಬಿಲ್ಲಿನ ಪಕ್ಕ ಇಟ್ಟು ನೋಡಿ. ಎರಡನೇ ಸಲ ತರಿಸಿದ ಪೀಸುಗಳ ಬಿಲ್ಲನ್ನೂ ಮರೆಯದೆ ಸೇರಿಸಿ, ಅದನ್ನು ಎಲ್ಲರೂ ಬೇರೆ ಕಡತದಲ್ಲಿ ಬಚ್ಚಿಡುತ್ತಾರೆ. ಎಲ್ಲಿ ತಾಳೆಯಾಗುವುದಿಲ್ಲವೋ ಆ ಸಾಲಿನ ಲ್ಯಾಪ್, ಗರ್ತ್, ಅಂಚು ಮೂರನ್ನೂ ಮತ್ತೆ ತೆರೆಯಿರಿ.

ನಿಮ್ಮ ಮುಂದೆ ೧೮ಕ್ಕೆ ೩೦ರ ಶೆಡ್ಡಿನ ನಕ್ಷೆ ಇದೆ. ಪಟ್ಟಿ ಖಾಲಿ ಇದೆ. ಮೊದಲು ನೆತ್ತಿ ಹಾಕಿ, ಹನ್ನೊಂದು ಬರುತ್ತದೋ ನೋಡೋಣ.